ಬ್ರಾಯ್ಲರ್ ಫೀಡ್ ಗೌಜಲಕ್ಕಿಗೆ ಆಗುತ್ತದೆಯೇ?

ಪ್ರಶ್ನೆ: ಅಕ್ಕಾ, ನಮಸ್ಕಾರ. ಮುನ್ನೂರು ಗೌಜಲಕ್ಕಿ ಮರಿ ತಂದಿದ್ದೇನೆ. ಗೌಜಲಿಗೆಂದೇ ಮಾಡಿದ ಫೀಡ್ ನಮ್ಮ ಕಡೆ ಸಿಗುವುದಿಲ್ಲ. ಅಂಗಡಿಯವರು ಬ್ರಾಯ್ಲರ್ ಪ್ರೀ-ಸ್ಟಾರ್ಟರ್ ಕೊಟ್ಟಿದ್ದಾರೆ. ಅದರಲ್ಲಿ ಔಷಧಿ ಇರುತ್ತದೆ, ಮೊಟ್ಟೆಗೂ ಇಳಿಯುತ್ತದೆ ಎಂದು ಪಕ್ಕದ ತೋಟದವರು ಹೆದರಿಸುತ್ತಿದ್ದಾರೆ. ಹಾಕಲೋ ಬೇಡವೋ?
– ಓದುಗರು, ತಿಪಟೂರು ತಾಲ್ಲೂಕು

ಉತ್ತರ: ಮೊದಲು ಮೂಟೆಯ ಬಾಯಿಗೆ ಹೊಲಿದಿರುವ ಚೀಟಿ ಓದಿ. ಹೊಲಿಗೆ ಬಿಚ್ಚುವಾಗಲೇ ಅದನ್ನು ಕಿತ್ತು ಒಲೆಗೆ ಹಾಕುವವರೇ ಹೆಚ್ಚು, ನಾನೂ ಹಾಗೇ ಇದ್ದವಳು. ಆಂಪ್ರೋಲಿಯಂ ಎಂದಿದ್ದರೆ ಅದು ಕಾಕ್ಸಿ, ಅಂದರೆ ಕಣ್ಣಿಗೆ ಕಾಣದ ಪರಾವಲಂಬಿ ಜೀವಿಯಿಂದ ಬರುವ ಕರುಳಿನ ರೋಗ, ತಡೆಯುವ ಔಷಧಿ, ಮರಿಗೆ ಹಾಕಬಹುದು. ಮೊನೆನ್ಸಿನ್, ಸ್ಯಾಲಿನೋಮೈಸಿನ್ ಕೂಡ ಅದಕ್ಕೇ. ಆದರೆ ಇವು ಪ್ರಮಾಣ ಮೀರಿದರೆ ವಿಷ, ಮೇಲೊಂದು ಚಮಚ ನೀವೇ ಬೆರೆಸಲು ಹೋಗಬೇಡಿ. ಇವನ್ನು ತಿನ್ನುವ ಹಕ್ಕಿಗೆ ಟಿಯಾಮುಲಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೂ ಕಾಲು ಸೋತು ಬೀಳುತ್ತದೆ. ಊರಲ್ಲಿ ಯಾರದಾದರೂ ಕುದುರೆ ಇದ್ದರೆ ಮೂಟೆ ಅದರ ಬಾಯಿಗೆ ಸಿಗದಂತೆ ಇಡಿ, ಪ್ರಾಣವೇ ಹೋದೀತು. ಕೋಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್ ಹೆಸರಿದ್ದರೆ ಮೂಟೆ ವಾಪಸ್ ಕೊಡಿ, ಕೋಳಿ ಮತ್ತು ಅದರ ಫೀಡಿನಲ್ಲಿ ಅದನ್ನು ಬಳಸುವುದನ್ನು 2019ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ.

ನನ್ನ ಮೊದಲ ಬ್ಯಾಚಿನ ಕಥೆ ಹೇಳುತ್ತೇನೆ. ಮಳೆಗಾಲ, ಮರಿಗಳ ಕೆಳಗೆ ಹಾಸಿದ ಭತ್ತದ ಹೊಟ್ಟು ಹಿಡಿದರೆ ಅಂಟುತ್ತಿತ್ತು. ಮರಿ ತೂಕಡಿಸುತ್ತಿವೆ ಎಂದು ನೀರಿಗೆ ಆಂಪ್ರೋಲಿಯಂ ಹಾಕಿದೆ. ಶಕ್ತಿ ಬರಲಿ ಎಂದು ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಟಾನಿಕ್ ಕೂಡ! ಮೂರು ದಿನವಾದರೂ ಸಾವು ನಿಲ್ಲಲಿಲ್ಲ. ಪಶುವೈದ್ಯರು ಬಂದವರೇ ಟಾನಿಕ್ ಬಾಟಲಿ ನೋಡಿ ತಲೆ ಚಚ್ಚಿಕೊಂಡರು. ಆಂಪ್ರೋಲಿಯಂ ನೋಡಲು ಬಿ1 ವಿಟಮಿನ್ ಥರವೇ ಇರುತ್ತದಂತೆ. ಕಾಕ್ಸಿ ಜೀವಿ ಮೋಸಹೋಗಿ ಅದನ್ನೇ ಹೀರಿಕೊಂಡು ವಿಟಮಿನ್ ಸಿಗದೆ ಸೊರಗುತ್ತದೆ. ನಾನು ನಿಜವಾದ ವಿಟಮಿನ್ನನ್ನೇ ಬಡಿಸಿ ಅದನ್ನು ಸಾಕಿದ್ದೆ. ಔಷಧಿ ಕೊಡುವಷ್ಟು ದಿನ ಆ ಟಾನಿಕ್ ಮುಟ್ಟಬೇಡಿ.

ನಿಮ್ಮ ಹಕ್ಕಿ ಆರು-ಏಳು ವಾರಕ್ಕೆ ಮೊಟ್ಟೆ ಶುರುಮಾಡುತ್ತವೆ. ಐದನೇ ವಾರಕ್ಕೇ ಔಷಧಿಯಿಲ್ಲದ ಲೇಯರ್ ಫೀಡಿಗೆ ಬದಲಾಯಿಸಿ. ಪಕ್ಕದವರ ಭಯ ಪೂರ್ತಿ ಸುಳ್ಳಲ್ಲ. ಮಾಂಸಕ್ಕೆ ಮಾರುವುದಾದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂಬುದೂ ಚೀಟಿಯಲ್ಲೇ ಇರುತ್ತದೆ.

ಔಷಧಿಯಿದೆ ಎಂದು ಹೊಟ್ಟು ಒದ್ದೆ ಬಿಡಬೇಡಿ. ಕಾಕ್ಸಿ ಬಲಿಯುವುದೇ ಅಲ್ಲಿ. ಮತ್ತೆ, ಹಿಕ್ಕೆ ಬಿಳಿಯಾಗಿ ನೀರುನೀರಾಗಿ ಹಕ್ಕಿ ದಿಢೀರನೆ ಸಾಯತೊಡಗಿದರೆ ಅದು ಕಾಕ್ಸಿ ಅಲ್ಲದಿರಬಹುದು. ಗೌಜಲಿಗೆ ಕರುಳುಹುಣ್ಣಿನ ರೋಗ ಬಲು ಬೇಗ ತಗಲುತ್ತದೆ, ಅದು ಬ್ಯಾಕ್ಟೀರಿಯಾದ್ದು, ಈ ಫೀಡಿನ ಔಷಧಿಗೆ ಬಗ್ಗುವುದಿಲ್ಲ. ಸತ್ತ ಹಕ್ಕಿಯನ್ನು ಅವತ್ತೇ ಪಶು ಆಸ್ಪತ್ರೆಗೆ ಒಯ್ದು ಕೊಯ್ದು ನೋಡಿಸಿ.

ನೀರಿನ ತಟ್ಟೆಗೆ ಗೋಲಿ ಹಾಕಿದ್ದೀರಿ ತಾನೇ? ಈ ಮರಿಗಳು ಬೆರಳುದ್ದ ನೀರಲ್ಲೂ ಮುಳುಗುತ್ತವೆ.