ಐಪಿ ಹೇಳುವ ಹೆಸರನ್ನು ನಂಬಬಹುದಾ?

ಪ್ರಶ್ನೆ: ಸರ್, ಸಿ ಭಾಷೆಯಲ್ಲಿ ಚಿಕ್ಕದೊಂದು ಸರ್ವರ್ ಬರೆದಿದ್ದೇನೆ. ಯಾರು ಕನೆಕ್ಟ್ ಆದರು ಅಂತ ಲಾಗ್‌ನಲ್ಲಿ ಐಪಿ (ಅಂಕಿಗಳ ವಿಳಾಸ) ಬದಲು ಹೋಸ್ಟ್ ಹೆಸರು, ಅಂದರೆ ಮಶೀನ್ ಹೆಸರು ಬರಬೇಕು. ಹಳೇ ಪುಸ್ತಕದಲ್ಲಿ ಗೆಟ್‌ಹೋಸ್ಟ್‌ಬೈಅಡ್ರ್ ಫಂಕ್ಷನ್ ಬಳಸಿ ಅಂತಿದೆ. ಆ ಹೆಸರು ನೋಡಿಯೇ ನಮ್ಮ ಆಫೀಸಿನ ಮಶೀನ್‌ಗಳನ್ನು ಮಾತ್ರ ಒಳಗೆ ಬಿಡಬಹುದಾ?

ಉತ್ತರ: ಲಾಗ್‌ಗೆ ಸರಿ, ಒಳಗೆ ಬಿಡೋಕೆ ಬೇಡ.

ಆ ಹಳೇ ಫಂಕ್ಷನ್ ಮರೆತುಬಿಡಿ, ಯುನಿಕ್ಸ್ ತರಹದ ಸಿಸ್ಟಂಗಳ ಮಾನದಂಡವಾದ ಪೋಸಿಕ್ಸ್‌ನ 2008ರ ಆವೃತ್ತಿಯಲ್ಲೇ ಅದನ್ನು ತೆಗೆದುಹಾಕಿದ್ದಾರೆ. ಈಗ ಗೆಟ್‌ನೇಮ್‌ಇನ್ಫೋ ಇದೆ, ಐಪಿವಿ4, ಐಪಿವಿ6 (ವಿಳಾಸದ ಹಳೇ, ಹೊಸ ಬಗೆ) ಎರಡಕ್ಕೂ ಆಗುತ್ತದೆ. ಎನ್‌ಐ_ನೇಮ್‌ರೆಕ್ಡ್ ಫ್ಲ್ಯಾಗ್ ಹಾಕಲೇಬೇಕು. ಇಲ್ಲದಿದ್ದರೆ ಹೆಸರು ಸಿಗದಾಗ ಅದು ಸುಮ್ನೆ ಐಪಿಯನ್ನೇ ಅಕ್ಷರವಾಗಿ ಕೊಟ್ಟು, ಎಲ್ಲ ಸರಿಯಾಯಿತು ಅನ್ನುತ್ತದೆ.

ಈಗ ಅಸಲಿ ವಿಷಯ. 203.0.113.7ರ ಹೆಸರು ಕೇಳಿದರೆ ಡಿಎನ್‌ಎಸ್ (ಇಂಟರ್ನೆಟ್‌ನ ಹೆಸರು-ವಿಳಾಸಗಳ ಡೈರೆಕ್ಟರಿ) ಹುಡುಕುವುದು 7.113.0.203.ಇನ್-ಅಡ್ರ್.ಆರ್ಪಾ ಎಂಬ ಜಾಗದಲ್ಲಿ, ವಿಳಾಸಕ್ಕೆ ಹೆಸರು ಹೇಳುವ ಪಿಟಿಆರ್ ದಾಖಲೆಯನ್ನು. ಆ ವಿಳಾಸಗಳ ಬ್ಲಾಕ್ ಯಾರ ಕೈಲಿದೆಯೋ ಅವರು ಅಲ್ಲಿ ಏನು ಬೇಕಾದರೂ ಬರೆಯಬಹುದು, ನಿಮ್ಮ ಆಫೀಸಿನ ಹೆಸರನ್ನೂ! ಗೇಟಿಗೆ ಯಾರದೋ ಹೆಸರಿನ ಬೋರ್ಡ್ ನೇತುಹಾಕಿಕೊಂಡ ಹಾಗೆ.

ಹಾಗಾಗಿ ಸಿಕ್ಕ ಹೆಸರನ್ನು, ಹೆಸರಿಗೆ ವಿಳಾಸ ಹುಡುಕಿಕೊಡುವ ಗೆಟ್‌ಅಡ್ರ್‌ಇನ್ಫೋಗೆ ಕೊಟ್ಟು ವಾಪಸ್ ಕೇಳಬೇಕು. ಬರುವ ಪಟ್ಟಿಯನ್ನು ಕೊನೆತನಕ ನೋಡಿ, ಒಂದೇ ಹೆಸರಿಗೆ ಹಲವು ವಿಳಾಸ ಇರುತ್ತವೆ; ಅದರಲ್ಲಿ ನಿಮ್ಮ ಮೂಲ ಐಪಿ ಇದ್ದರೆ ಮಾತ್ರ ಹೆಸರನ್ನು ಒಪ್ಪಿ, ಇಲ್ಲದಿದ್ದರೆ ಐಪಿಯನ್ನೇ ಬರೆಯಿರಿ. ಗೂಗಲ್‌ಬಾಟ್ (ವೆಬ್‌ಸೈಟ್ ಓದಿಕೊಂಡು ಹೋಗುವ ಗೂಗಲ್‌ನ ಪ್ರೋಗ್ರಾಂ) ನಿಜವೋ ನಕಲಿಯೋ ಅಂತ ತಿಳಿಯಲು ಗೂಗಲ್ ಹೇಳಿಕೊಡುವುದೂ ಇದೇ ದಾರಿ. ಕೊನೆಗೆ ಆ ಪಟ್ಟಿಯ ಮೆಮರಿ ಬಿಡಿಸಲು ಫ್ರೀಅಡ್ರ್‌ಇನ್ಫೋ ಮರೆಯಬೇಡಿ.

ಹೋಲಿಸುವಾಗ ಜನ ಜಾಸ್ತಿ ಎಡವುತ್ತಾರೆ. ವಿಳಾಸ ಇರುವ ಇಡೀ ಸಾಕ್‌ಅಡ್ರ್ ಸ್ಟ್ರಕ್ಚರ್ ಮೇಲೆ ಮೆಮ್‌ಕಂಪ್ (ಬೈಟ್ ಬೈಟ್ ಹೋಲಿಕೆ) ಮಾಡಬೇಡಿ, ಒಳಗೆ ಪೋರ್ಟ್ ಕೂಡ ಇರುತ್ತದೆ ಅಲ್ವಾ, ಅದು ಹೊಂದುವುದೇ ಇಲ್ಲ. ವಿಳಾಸದ ಭಾಗವನ್ನಷ್ಟೇ ಹೋಲಿಸಿ. ಐಪಿವಿ6 ಸಾಕೆಟ್‌ಗೆ ಐಪಿವಿ4 ಗಿರಾಕಿ ಬಂದರೆ ವಿಳಾಸ ::ಎಫ್‌ಎಫ್‌ಎಫ್‌ಎಫ್: ಅಂತ ಶುರುವಾಗುತ್ತದೆ, ಮೊದಲು ಅದನ್ನು ಐಪಿವಿ4ಗೆ ಇಳಿಸಿಕೊಳ್ಳಿ. ಇನ್ನೊಂದು ತರಲೆ: ಕೆಲವರು ಪಿಟಿಆರ್‌ನಲ್ಲಿ ಹೆಸರಿನ ಜಾಗದಲ್ಲಿ 10.0.0.5 ಅಂತ ಬರೆದಿಡುತ್ತಾರೆ. ಗೆಟ್‌ಅಡ್ರ್‌ಇನ್ಫೋಗೆ ಎಐ_ನ್ಯೂಮೆರಿಕ್‌ಹೋಸ್ಟ್ ಫ್ಲ್ಯಾಗ್ ಹಾಕಿ ಪರೀಕ್ಷಿಸಿ, ಅಂಕಿಯಾಗಿ ಓದಲು ಬಂದರೆ ಅದನ್ನು ಬಿಸಾಡಿ.

ಇಷ್ಟೆಲ್ಲ ಆದರೂ ಒಳಗೆ ಬಿಡುವ ತೀರ್ಮಾನಕ್ಕೆ ಇದು ಸಾಲದು, ಡಿಎನ್‌ಎಸ್ ಉತ್ತರವನ್ನೇ ನಕಲಿ ಮಾಡಬಹುದು. ಅದಕ್ಕೆ ಗುಪ್ತ ಕೀ ಅಥವಾ ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ ವಿಧಾನ) ಸರ್ಟಿಫಿಕೇಟ್ ಬಳಸಿ. ದೂರದ ಮಶೀನ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಕೂಡ 2015ರ 6.8 ಆವೃತ್ತಿಯಿಂದ ಈ ಹುಡುಕಾಟವನ್ನು ಡೀಫಾಲ್ಟ್ ಆಗಿ ಆಫ್ ಇಟ್ಟಿದೆ.

ಹ್ಞಾಂ, ಡಿಎನ್‌ಎಸ್ ಉತ್ತರ ಬರದಿದ್ದರೆ ಲಿನಕ್ಸ್ ಸಾಮಾನ್ಯವಾಗಿ ಒಂದೊಂದು ಸಲಕ್ಕೂ 5 ಸೆಕೆಂಡ್ ಕಾಯುತ್ತದೆ, ಅಷ್ಟು ಹೊತ್ತೂ ನಿಮ್ಮ ಥ್ರೆಡ್ ನಿಂತಿರುತ್ತದೆ. ಐಪಿಯನ್ನು ತಕ್ಷಣ ಲಾಗ್ ಮಾಡಿ, ಹೆಸರನ್ನು ಬೇರೆ ಥ್ರೆಡ್‌ನಲ್ಲಿ ನಿಧಾನವಾಗಿ ಹುಡುಕಿಸಿ.