ವಾಸಿಯಾದ ಕಾಯಿಲೆ, ಕೂಡಿಬಂದ ಸಂಬಂಧ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದೆ.)

ಸುಮಾಗೆ 24 ವರ್ಷ, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಆರನೇ ವಯಸ್ಸಿನಲ್ಲಿ ಬ್ಲಡ್ ಕ್ಯಾನ್ಸರ್ ಆಗಿತ್ತು. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಎಎಲ್‌ಎಲ್ ಎಂಬ ಬಗೆ. ಬೆಂಗಳೂರಿನಲ್ಲಿ ಎರಡೂವರೆ ವರ್ಷ ಚಿಕಿತ್ಸೆ ನಡೆಯಿತು. ಆಮೇಲೆ ಕೆಲವು ವರ್ಷ ತಪಾಸಣೆಗೆ ಹೋಗಿ ಬಿಟ್ಟುಬಿಟ್ಟಿದ್ದಾರೆ. ಈಗ ಒಳ್ಳೆಯ ಸಂಬಂಧ ಬಂದಿದೆ. "ವಾಸಿಯಾಗಿ ಇಷ್ಟು ವರ್ಷ ಆಯ್ತಲ್ಲ ಮೇಡಂ, ಗಂಡಿನ ಕಡೆಯವರಿಗೆ ಯಾಕೆ ಹೇಳ್ಬೇಕು?" ಎಂಬುದು ತಾಯಿ ನನ್ನ ಮುಂದಿಟ್ಟ ಪ್ರಶ್ನೆ.

ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಸುಮಾ ಜೊತೆ ಮಾತಾಡಿದೆ. ಅವಳ ಪ್ರಶ್ನೆಗಳೇ ಬೇರೆ. ಮತ್ತೆ ಬರುತ್ತಾ? ಮಕ್ಕಳಾಗುತ್ತಾ? ಆದರೆ ಅವಕ್ಕೂ ಬರುತ್ತಾ? ಇಷ್ಟು ವರ್ಷ ಮನೆಯಲ್ಲಿ ಯಾರ ಹತ್ತಿರವೂ ಕೇಳಿರಲಿಲ್ಲ.

ಈ ಕಾಯಿಲೆ ಮರುಕಳಿಸುವುದಾದರೆ ಬಹುತೇಕ ಮೊದಲ ಕೆಲವು ವರ್ಷಗಳಲ್ಲೇ ಮರುಕಳಿಸುತ್ತದೆ. ಇಷ್ಟು ದೂರ ಬಂದವರಲ್ಲಿ ಅದು ತೀರಾ ಅಪರೂಪ. ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ಬರುವಂಥದ್ದಲ್ಲ. ಹೀಗೆ ಗುಣವಾದ ಎಷ್ಟೋ ಹೆಣ್ಣುಮಕ್ಕಳು ತಾಯಂದಿರಾಗಿದ್ದಾರೆ, ಅವರ ಮಕ್ಕಳಲ್ಲಿ ಹುಟ್ಟು ನ್ಯೂನತೆ ಹೆಚ್ಚಿರುವುದೂ ಕಂಡುಬಂದಿಲ್ಲ. ಇಷ್ಟನ್ನು ಧೈರ್ಯವಾಗಿ ಹೇಳಿದೆ.

ಆದರೆ ಕಾಯಿಲೆ ಹೋದರೂ ಔಷಧಿಯ ಗುರುತು ಮೈಯಲ್ಲಿ ಉಳಿಯಬಹುದು. ತಾಯಿ ಮತ್ತೆ ಒಳಬಂದ ಮೇಲೆ ಹಳೆಯದನ್ನು ನೆನಪಿಸಿಕೊಂಡರು: "ಆ ಕೆಂಪು ಡ್ರಿಪ್ ಹಾಕಿದ ದಿನ ಮಗುಗೆ ಮೂತ್ರವೂ ಕೆಂಪಗೆ ಹೋಗೋದು. ಬೆನ್ನಿಗೆ ಸೂಜಿ. ಆಮೇಲೆ ತಲೆಗೆ ಕರೆಂಟ್ ಕೊಟ್ರು." ಆ ಕೆಂಪು ಔಷಧಿ ಡಾಕ್ಸೊರುಬಿಸಿನ್ ಇರಬೇಕು. ಅದು ಕೆಲವರ ಹೃದಯದ ಸ್ನಾಯುವನ್ನು ದುರ್ಬಲಗೊಳಿಸುತ್ತದೆ. ಹತ್ತಿಪ್ಪತ್ತು ವರ್ಷ ಏನೂ ಗೊತ್ತಾಗದೆ, ಗರ್ಭಿಣಿಯಾದಾಗ ಹೃದಯದ ಮೇಲೆ ಭಾರ ಬಿದ್ದು ಹೊರಗೆ ಕಾಣಿಸಿಕೊಳ್ಳಬಹುದು. ಅವರು ಕರೆಂಟ್ ಎಂದದ್ದು ರೇಡಿಯೇಷನ್‌ಗೆ. ತಲೆಗೆ ಕೊಟ್ಟ ಅದರಿಂದ ಥೈರಾಯ್ಡ್, ಬೆಳವಣಿಗೆ, ಕಲಿಕೆಯ ವೇಗ ಇವುಗಳಲ್ಲಿ ಏರುಪೇರಾಗಬಹುದು. "ಅದಕ್ಕೇ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲವೇನೋ" ಎಂದಳು ಸುಮಾ. ಇರಬಹುದು. ಆದರೂ ಡಿಗ್ರಿ ಮುಗಿಸಿ ಬ್ಯಾಂಕಿನ ಲೆಕ್ಕ ನೋಡುತ್ತಿದ್ದಾಳೆ, ಅದನ್ನು ನೆನಪಿಸಿದೆ.

ಕೊಟ್ಟ ಸಲಹೆ ಇಷ್ಟು. ಹಳೇ ಕಾರ್ಡಿನಲ್ಲಿರುವ ನಂಬರ್ ಹಿಡಿದು ಆಸ್ಪತ್ರೆಯ ದಾಖಲೆ ವಿಭಾಗದಿಂದ ಚಿಕಿತ್ಸೆಯ ಸಾರಾಂಶ ಪಡೆಯಿರಿ. ಯಾವ ಔಷಧಿ ಒಟ್ಟು ಎಷ್ಟು ಹೋಗಿದೆ, ರೇಡಿಯೇಷನ್ ಎಷ್ಟು ಎಂಬುದು ಅದರಲ್ಲಿರಬೇಕು. ಅದನ್ನು ಕ್ಯಾನ್ಸರ್ ವೈದ್ಯರಿಗೆ ತೋರಿಸಿ ಎಕೋ (ಹೃದಯದ ಸ್ಕ್ಯಾನ್), ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬಸಿರಿನ ಯೋಚನೆ ಬಂದಾಗ, ಮೊದಲೇ ಇನ್ನೊಮ್ಮೆ ಎಕೋ ಆಗಲಿ, ಹೆರಿಗೆ ಡಾಕ್ಟರಿಗೆ ಎಲ್ಲ ಗೊತ್ತಿರಲಿ.

ಮುಚ್ಚಿಡುವ ಮಾತಿಗೆ ನಾನು ಒಪ್ಪಲಿಲ್ಲ. ಕಾಯಿಲೆ ಮುಚ್ಚಿಟ್ಟರೆ ಈ ತಪಾಸಣೆಗಳನ್ನೂ ಮುಚ್ಚಿಡಬೇಕಾಗುತ್ತದೆ, ಆಮೇಲೆ ಅವು ನಿಂತೇ ಹೋಗುತ್ತವೆ. ಗಂಡನ ಮನೆಯಲ್ಲಿ ಕದ್ದು ಎಕೋ ಮಾಡಿಸುವ ಹೆಣ್ಣುಮಗಳನ್ನು ಊಹಿಸಿಕೊಳ್ಳಿ ಎಂದೆ. ತಾಯಿ ಬಹಳ ಹೊತ್ತು ಅತ್ತರು. ಆ ಭಯಕ್ಕೆ ಕಾರಣವಿದೆ, ಸಂಬಂಧ ಮುರಿದುಹೋಗಲೂಬಹುದು; ಅದನ್ನು ನಾನು ಅಲ್ಲಗಳೆಯಲಿಲ್ಲ. ಹೇಳುವುದಾದರೆ ನಿಶ್ಚಿತಾರ್ಥಕ್ಕೆ ಮೊದಲು, ಸುಮಾಳೇ, ರಿಪೋರ್ಟ್ ಕೈಯಲ್ಲಿಟ್ಟುಕೊಂಡು ಹೇಳಲಿ ಎಂದೆ.

ಎಕೋ ಚೆನ್ನಾಗಿ ಬಂತು. ಥೈರಾಯ್ಡ್ ಕಡಿಮೆ ಇತ್ತು, ಮಾತ್ರೆ ಶುರುವಾಗಿದೆ. ಸೋದರಮಾವನನ್ನು ಜೊತೆಗೆ ಕರೆದುಕೊಂಡು ಹೋಗಿ ಸುಮಾ ಹುಡುಗನಿಗೆ ಎಲ್ಲ ಹೇಳಿದ್ದಾಳೆ. ಡಾಕ್ಟರ ಹತ್ತಿರ ತಾವೇ ಒಮ್ಮೆ ಮಾತಾಡಬೇಕು ಎಂದು ಅವನ ತಂದೆ ಕೇಳಿದ್ದಾರಂತೆ. ಸುಮಾ ಒಪ್ಪಿ, ಮುಂದಿನ ತಪಾಸಣೆಯ ದಿನವೇ ಬರಲು ಹೇಳಿದ್ದಾಳೆ.