ಜಪಾನಿನ ಐಡಲ್ ಹಾಡುಗಳು, ಅಂದರೆ ಹಾಡಿ ಕುಣಿಯುವ ಯುವ ತಾರೆಯರ ಪಾಪ್ ಹಾಡುಗಳು, ಕುಣಿಸುತ್ತಲೇ ಗಂಟಲು ಕಟ್ಟುವಂತೆ ಮಾಡುವುದು ಹೇಗೆ?

ಬಹಳಷ್ಟು ಹಾಡುಗಳಲ್ಲಿ ಇದು ಕಾರ್ಡ್‌ಗಳ ಕೆಲಸ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಮೂರ್ನಾಲ್ಕು ಸ್ವರ. ಹಾಡಿನ ಪಲ್ಲವಿಯನ್ನು ಜಪಾನಿನಲ್ಲಿ 'ಸಾಬಿ' ಅಂತಾರೆ. ಅಲ್ಲಿ ಎಫ್, ಜಿ, ಇ ಮೈನರ್, ಎ ಮೈನರ್ ಎಂಬ ಕಾರ್ಡ್‌ಗಳ ಸಾಲು ಪದೇ ಪದೇ ಬರುತ್ತದೆ. ಎಷ್ಟು ಬಳಕೆಯಲ್ಲಿದೆ ಅಂದರೆ, ಅದಕ್ಕೆ 'ಓಡೋ ಶಿಂಕೋ', ಅಂದರೆ ರಾಜಮಾರ್ಗದ ನಡೆ, ಅಂತಲೇ ಹೆಸರಿದೆ.

ಸಿ ಸ್ವರವನ್ನು 'ಸ' ಅಂದುಕೊಳ್ಳಿ. ಎಫ್, ಜಿ ಆದಮೇಲೆ ಕಿವಿ ಮನೆ ಸೇರುವುದನ್ನು, ಅಂದರೆ 'ಸ ಗ ಪ'ವನ್ನು ಕಾಯುತ್ತದೆ. ಬರುವುದು ಇ ಮೈನರ್, ಅಂದರೆ 'ಗ ಪ ನಿ'. ಎರಡು ಸ್ವರ ಅವೇ, ಆದರೆ 'ಸ' ಇರಬೇಕಾದ ಕಡೆ ಅದರ ಹೊಸ್ತಿಲಲ್ಲೇ ಇರುವ 'ನಿ'! ಮುಂದಿನ ಎ ಮೈನರ್‌ನಲ್ಲಿ 'ಸ' ಸಿಗುತ್ತದೆ, ಆದರೆ 'ದ'ದ ಮೇಲೆ ಕೂತು, ಸಪ್ಪೆ ಮುಖದಲ್ಲಿ. ತಾಳ ಜೋರಾಗಿ ಓಡುತ್ತಲೇ ಇರುತ್ತದೆ, ಮನಸ್ಸು ಮಾತ್ರ ಮನೆ ಮುಟ್ಟಿರುವುದಿಲ್ಲ. ನನಗಂತೂ ಆ ಮೂರನೇ ಕಾರ್ಡ್ ಅಂದ್ರೆ ಪ್ರಾಣ.

ಗಿಟಾರ್ ಇದ್ದರೆ ನುಡಿಸಿ ನೋಡಿ. ಆಮೇಲೆ ಇ ಮೈನರ್ ಬದಲು ಸಿ ಕಾರ್ಡ್, ಅಂದರೆ ಆ 'ಸ ಗ ಪ' ಹಾಕಿ. ಆ ಕೊರಗು ಥಟ್ಟನೆ ಮಾಯವಾಗುತ್ತದೆ.